ನಮ್ಮ ಮನೆಯ ಕಲ್ಲಿನ ಜಳಕ

ಮನುಷ್ಯನಿಗೆ ಒಂದಾದರೂ ಜಂಬ ಇರಬೇಕು. ಹೊಲದ ಜಂಬ ಇಲ್ಲದವನು ಮೀಸೆಯ ಮೇಲಾದರೂ ಕೈಯಾಡಿಸುತ್ತಾನೆ. ನನಗೆ ಹೊಲವೂ ಅಷ್ಟಕ್ಕಷ್ಟೇ, ಮೀಸೆಯೂ ಅಷ್ಟಕ್ಕಷ್ಟೇ. ನನ್ನ ಜಂಬವೆಲ್ಲ ಒಂದು ಕಲ್ಲಿನದು. ಪುಣೆಯಲ್ಲಿ ಭೂವಿಜ್ಞಾನ ಓದಿ ಮೂಡಲಗಿಗೆ ಸಾಲಿ ಮಾಸ್ತರನಾಗಿ ಬರುವಾಗ ಗುರುಗಳು ಕೊಟ್ಟದ್ದು. ಒಂದು ಬದಿ ಕೊಯ್ದು ನುಣುಪು ಮಾಡಿದ ಆ ಕಲ್ಲಿನ ತುಂಬ ಗಾರ್ನೆಟ್ ಎಂಬ ಕೆಂಪು ಹರಳುಗಳು. ನೀರು ಹಾಕಿದರೇನೇ ಬಣ್ಣ ಏಳುತ್ತದೆ. ಹೀಗಾಗಿ ದಿನಾ ಬೆಳಿಗ್ಗೆ ನಾನು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ಅದನ್ನು ಮಣೆಯ ಮೇಲಿಟ್ಟು ತೊಳೆದು, ಭೂತಗನ್ನಡಿ ಹಿಡಿದು ಬಗ್ಗಿ ನೋಡುತ್ತಿದ್ದೆ.

ಇದೇ ಅವ್ವನಿಗೆ ಸಂಕಟ. “ಕೊರಳಾಗ ಲಿಂಗ ಇರೂವಾಗ ಈ ಕಲ್ಲಿಗ್ಯಾಕೋ ದಿನಾ ಜಳಕ? ಅಂಕಲಗಿ ಬೀಗರು ಭಾಳ ಕಟ್ಟಾ ಮಂದಿ. ಕಂಡಕಂಡ ಕಲ್ಲಿಗೆ ಕೈಮುಗಿಯೋ ಮನಿ ಅಂತ ತಿಳದ್ರ ನಿನ್ನ ತಂಗೀದು ಕೂಡಿದ ಸಂಬಂಧ ಮುರೀತೈತಿ” ಎಂದಳು. ಸಂಬಂಧ ಪಕ್ಕಾ ಮಾಡಲು ಅವರು ಇವತ್ತು ಬರುವುದು ಮಧ್ಯಾಹ್ನ ತಾನೇ, ಅಷ್ಟರಲ್ಲಿ ಒಳಗಿಡುತ್ತೇನೆ ಎಂದೆ. ಪುಣ್ಯಾತ್ಮರು ಬಿಸಿಲಿಗೆ ಅಂಜಿ ರಾತ್ರಿಯೇ ಗಾಡಿ ಹೂಡಿಕೊಂಡು ಬೆಳಿಗ್ಗೆಯೇ ಬಂದುಬಿಟ್ಟರು. ನಾನು ಮಣೆಯ ಮುಂದೆ ಬಗ್ಗಿದ್ದೆ. ಬಾಗಿಲಲ್ಲಿ ವರನ ತಂದೆ ನಿಂತಿದ್ದರು. ಅವ್ವನ ಮುಖ ಸುಣ್ಣದಂತೆ ಬಿಳುಪೇರಿತು.

“ಯಾವ ದೇವರ್ರಿ ಇದು, ಮಾಸ್ತರ?” ಎಂದು ಅವರು ಕೇಳಿದರು.

“ದೇವರಲ್ರಿ, ಗಾರ್ನೆಟ್” ಎಂದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಮಾಸ್ತರನೇ ಅಲ್ಲ. ಕನ್ನಡಿಯನ್ನು ಅವರ ಕೈಗೆ ಕೊಟ್ಟು ಪಾಠ ಶುರು ಮಾಡಿದೆ. ನೆಲದಾಳದ ಕಾವಿಗೆ ಹಳೆಯ ಕಲ್ಲು ರೂಪ ಬದಲಿಸುವಾಗ ಈ ಹರಳು ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ; ಸುತ್ತಲಿರುವ ಚಿಟಿಕೆ ಮ್ಯಾಂಗನೀಸನ್ನು ಮೊದಲಿಗೇ ಹೀರಿಕೊಳ್ಳುತ್ತದೆ; ಅದಕ್ಕೇ ನಡುವೆ ಅದು ಹೆಚ್ಚು, ಅಂಚಿಗೆ ಬರುವಷ್ಟರಲ್ಲಿ ಖಾಲಿ. ಆ ಗುರುತು ಓದಿದರೆ ಕಲ್ಲಿನ ಜನ್ಮಕಥೆಯೇ ತಿಳಿಯುತ್ತದೆ ಎಂದೆ. ಬೀಗರು ಬಹಳ ಹೊತ್ತು ನೋಡಿದರು.

“ಅಂದ್ರ ಮೊದಲ ಪಂಕ್ತಿಗೆ ತುಪ್ಪ, ಕಡೀ ಪಂಕ್ತಿಗೆ ಬರೇ ಸಾರು ಅನ್ರಿ” ಎಂದರು.

ಪುಣೆಯಲ್ಲಿಯೂ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದ ನಾನು ಎರಡನೆಯ ಹರಳಿಗೆ ಹೋದೆ, ಮೂರನೆಯದಕ್ಕೂ ಹೋದೆ. ಅವ್ವ ಇಟ್ಟ ಅವಲಕ್ಕಿ ಮೆತ್ತಗಾಗಿ ಹೋಯಿತು. ಕೊನೆಗೆ ಬೀಗರು ಕನ್ನಡಿ ಕೆಳಗಿಟ್ಟು ಅವ್ವನ ಕಡೆ ತಿರುಗಿದರು.

“ಪೂಜಿ ಅಲ್ಲ, ಇದು ಓದಿನ ಅಭ್ಯಾಸ, ತಪ್ಪೇನಿಲ್ಲ ಬಿಡ್ರಿ ಯಕ್ಕಾ. ಸಂಬಂಧ ಪಕ್ಕಾ. ಹುಡುಗೀನ್ನ ಕಳಸ್ರಿ, ಕಲ್ಲು ಮಾತ್ರ ನಿಮ್ಮ ಮನ್ಯಾಗಽ ಇರ್ಲಿ.”

ಇಷ್ಟು ಬೆಲೆಬಾಳುವ ವಸ್ತುವನ್ನು ವರದಕ್ಷಿಣೆಯಾಗಿ ಕೇಳಲು ಹಿರಿಯರಿಗೆ ಸಂಕೋಚವಾಗಿರಬೇಕು ಎಂದು ನಾನು ಎದೆಯುಬ್ಬಿಸಿದೆ. ತಂಗಿ ಯಾಕೋ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.