ಸೆರಗಿನ ಕೆಂಪು ಬಣ್ಣದ ಟರ್ಮಿನಲ್

ವಾದ ಮಾಡಿ ಸೋತದ್ದಕ್ಕಿಂತ, ಸುಮ್ಮನೆ ಒಪ್ಪಿಕೊಂಡದ್ದರಿಂದಲೇ ನಾನು ಹೆಚ್ಚು ಪೇಚಿಗೆ ಸಿಕ್ಕಿದ್ದೇನೆ. ಮಾತು ಬೆಳೆಸಲು ನನಗೆ ಸೋಮಾರಿತನ. ಜನ ಅದನ್ನು ಸೌಜನ್ಯ ಎನ್ನುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ಇಳಕಲ್‌ನ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿದ್ದುಕೊಂಡು ಒಂದು ಕೆಲಸಕ್ಕೆ ಪ್ರಯತ್ನಿಸುತ್ತಿದ್ದೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮೂರೇ ಜನರಿರುವ ಕಚೇರಿ. ಗ್ರಾನೈಟ್ ಕಾರ್ಖಾನೆಗಳಲ್ಲಿ ಕಲ್ಲಿನ ಹಲಗೆ ಸಾಗಿಸುವ ರೋಬೋ ಮಾಡುತ್ತಾರೆ. ಅಲ್ಲಿನ ನದಾಫ್ ಸರ್ ಕೊಟ್ಟ ಪರೀಕ್ಷೆ ಚಿಕ್ಕದು. ಬೇಕಾದ ತಂತ್ರಾಂಶವನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ನಾನೇ ಹಾಕಿಕೊಂಡು, ಪರದೆಯ ಮೇಲಿನ ರೋಬೋವನ್ನು ಶುಕ್ರವಾರ ನಾಲ್ಕು ಗಂಟೆಗೆ ಒಂದು ಮೀಟರ್ ನಡೆಸಿ ತೋರಿಸಬೇಕು. ನಡೆದರೆ ಕೆಲಸ. ಇದಕ್ಕೆ ಮೌಸಿನ ಹಂಗಿಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಒಂದೊಂದೇ ಆಜ್ಞೆ ಟೈಪ್ ಮಾಡುತ್ತ ಹೋಗಬೇಕು.

ಬುಧವಾರ ಚಿಗವ್ವ ಶೇಂಗಾ ಸುಲಿಯುತ್ತ ಪಕ್ಕದಲ್ಲೇ ಕುಳಿತಳು. ನಾನು ಪಾಸ್‌ವರ್ಡ್ ಒತ್ತಿದೆ. ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಚುಕ್ಕಿಯಾಗಿಯೂ ಕಾಣುವುದಿಲ್ಲ.

"ಏನೂ ಮೂಡವಲ್ದಲ್ಲವಾ. ಜೋರ್ ಒತ್ತು, ಧೂಳ ಕುಂತಿರಬೇಕು."

"ಅದು ಹಂಗ ಚಿಗವ್ವಾ."

"ಹಂಗಂದ್ರ ಹೆಂಗ? ಅಲ್ಲಾ, ಹೊಸಾ ಕೆಲಸಾ ಸುರು ಮಾಡೂ ಮುಂದ ಈ ಕರೀ ಹಲಗಿ ಯಾಕ? ಹಸರ ಮಾಡು, ಒಳ್ಳೇದಾಕ್ಕೈತಿ."

ವಿವರಿಸುವುದಕ್ಕಿಂತ ಹಿನ್ನೆಲೆಯ ಬಣ್ಣ ಬದಲಾಯಿಸುವುದು ಸುಲಭವಾಗಿತ್ತು. ಹಸಿರು ಯಾಕೋ ಶಾಲೆಯ ಗೋಡೆಯಂತೆ ಕಂಡಿತು. ಇಳಕಲ್ ಸೀರೆಯ ಸೆರಗಿನ ಕೆಂಪು ಹಾಕಿದೆ.

ಅಲ್ಲಿಂದ ಕೆಲಸ ಆಶ್ಚರ್ಯವಾಗುವಷ್ಟು ಸರಾಗವಾಯಿತು. ಬೆಳಿಗ್ಗೆಯಿಂದ ಕಾಡುತ್ತಿದ್ದ ದೋಷದ ಸಂದೇಶಗಳು ಒಂದೂ ಬರಲಿಲ್ಲ. ನಡುನಡುವೆ ಖಾಲಿ ಸಾಲುಗಳು ಬರುತ್ತಿದ್ದವು. ಅಚ್ಚುಕಟ್ಟಾದ ವಿನ್ಯಾಸ ಎಂದುಕೊಂಡೆ. ದೋಷವೇ ಇಲ್ಲದ ಮೇಲೆ ರೋಬೋವನ್ನು ನಡೆಸಿ ನೋಡುವುದೇನು? ಎಲ್ಲ ಸಿದ್ಧವಿದೆ ಎಂದು ಗುರುವಾರವೇ ಸರ್‌ಗೆ ಬರೆದೆ.

ಶುಕ್ರವಾರ ವಿಡಿಯೋ ಕರೆಯಲ್ಲಿ ಆಜ್ಞೆ ಕೊಟ್ಟೆ. ರೋಬೋ ನಿಂತಲ್ಲೇ ನಿಂತಿತ್ತು.

"ಎರರ್ ಏನ್ ಬಂದೈತ್ರಿ?"

"ಏನೂ ಬಂದಿಲ್ರಿ ಸರ್."

"ಟರ್ಮಿನಲ್ ತೋರಸ್ರಿ."

ತೋರಿಸಿದೆ. ಸರ್ ತಮ್ಮ ಪರದೆಯತ್ತ ಬಾಗಿದರು. "ಇದ್ಯಾಕ ಕೆಂಪೈತಿ?"

"ನಮ್ಮ ಚಿಗವ್ವ ಕರೀದು ಬ್ಯಾಡ ಅಂದಳ್ರಿ."

"ಎರರ್ ಯಾವ ಬಣ್ಣದಾಗ ಬರ್ತಾವು?"

ನಾನು ಹಿನ್ನೆಲೆಯನ್ನು ಕಪ್ಪು ಮಾಡಿದೆ. ಖಾಲಿ ಸಾಲುಗಳಲ್ಲೆಲ್ಲ ಕೆಂಪು ಅಕ್ಷರಗಳು ಎದ್ದು ನಿಂತವು. ಎಲ್ಲದರ ದೂರೂ ಒಂದೇ: ರೋಬೋದ ತಂತ್ರಾಂಶ ಎಲ್ಲಿದೆ ಎಂಬುದನ್ನು ಹೊಸದಾಗಿ ತೆರೆದ ಪ್ರತಿ ಕಿಟಕಿಗೂ ಒಂದು ಸಾಲಿನಲ್ಲಿ ಹೇಳಬೇಕು. ನಾನು ಮೊದಲ ಕಿಟಕಿಗೆ ಹೇಳಿ, ಉಳಿದವು ತಾವೇ ತಿಳಿದುಕೊಳ್ಳುತ್ತವೆ ಎಂದುಕೊಂಡಿದ್ದೆ. ಆ ಸಾಲು ಟೈಪ್ ಮಾಡಿದೆ. ರೋಬೋ ಒಂದು ಮೀಟರ್ ನಡೆದು ನಿಂತಿತು.

"ಸೋಮವಾರ ಬರ್ರಿ," ಎಂದರು ಸರ್. "ನಿಮ್ಮ ಚಿಗವ್ವಾರಿಗೆ ಹೇಳ್ರಿ, ನಮ್ಮ ಆಫೀಸಿನ್ಯಾಗ ಕರೀದ ಇರ್ತೈತಿ."

ಅಷ್ಟರಲ್ಲಿ ನನ್ನ ಭುಜದ ಮೇಲಿಂದ ಚಿಗವ್ವನ ಮುಖ ಕ್ಯಾಮೆರಾಕ್ಕೆ ಬಂತು. "ಸುಳ್ಳರೀ ಸರ! ನಾ ಹಸರ ಅಂದಿದ್ದೆ. ಕೆಂಪ ಆರಿಸಿದಾಕಿ ಇಕೀನ."

ಸರ್ ಮೊದಲ ಬಾರಿ ನಕ್ಕರು. ನಾನು ಸೌಜನ್ಯದಿಂದ ಕರೆ ಮುಗಿಸಿದೆ.

ಆಮೇಲೆ ಒಬ್ಬಳೇ ಇದ್ದಾಗ ಹಸಿರು ಹಿನ್ನೆಲೆ ಹಾಕಿ ನೋಡಿದೆ. ಕೆಂಪು ಅಕ್ಷರಗಳು ಅದರ ಮೇಲೆ ಬಹಳ ಸ್ಪಷ್ಟವಾಗಿ ಕಾಣುತ್ತವೆ, ಅವಳ ಮಾತಿನಂತೆ ಹಸಿರು ಹಾಕಿದ್ದರೆ ಬುಧವಾರವೇ ಕಾಣುತ್ತಿದ್ದವು. ಚಿಗವ್ವನಿಗೆ ಇದನ್ನು ಇನ್ನೂ ಹೇಳಿಲ್ಲ.