ಮಾಂತ್ರಿಕರ ಊರಿನ ಅಗಸಿಯಲ್ಲಿ ನಮ್ಮ ಕಾಕಾ

ನಮ್ಮ ಕಾಕಾ ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಮಾಂತ್ರಿಕರ ರಾಜ್ಯಕ್ಕೆ ಹೋಗಿ ನೆಲೆಸಿದರು. ಅದೂ ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಿಂದ, ಉಟ್ಟ ಲುಂಗಿಯ ಮೇಲೆಯೇ! ನಗಬೇಡಿ. ಎಂಟು ತಿಂಗಳು ಅಲ್ಲಿ ಬಾಳಿದರು. ಒಂದು ಇಲಿಯನ್ನೂ ಕೊಲ್ಲಲಿಲ್ಲ, ಬಡ್ತಿಯ ಮೊದಲನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಕಾಲಿಡಲಿಲ್ಲ. ಅಂಥ ದಡ್ಡ ವೀರ ಆ ರಾಜ್ಯಕ್ಕೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪಿಂಗ್ ಕಲಿಯುವವರು ಕಡಿಮೆಯಾಗಿ, ದಿನಕ್ಕೆ ನಾಲ್ಕು ಮಾತಾಡಲು ಜನವಿಲ್ಲದೆ ಅವರು ಸಪ್ಪಗಾಗಿದ್ದರು. ಕೊನೆಗೆ ಒಂದು ಕಂಪ್ಯೂಟರ್ ತಂದರು. ಅದನ್ನು ಕಲಿಸಲು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನೂ ತಂದರು. ಫೋನಿನ ತಂತಿ ಸಿಕ್ಕಿಸಿ ಇಂಟರ್‌ನೆಟ್ ತೋರಿಸಲು ಗುಲ್ಬರ್ಗಾದಿಂದ ಬಂದ ಮೆಕ್ಯಾನಿಕ್, ಹೋಗುವಾಗ ಒಂದು ಆಟವನ್ನೂ ಹಚ್ಚಿಕೊಟ್ಟು ಹೋದ. ಕಾಕಾ ಮೂರು ಸಲ ಓದಿದ್ದ, ಮಾಂತ್ರಿಕರ ರಾಜ್ಯದ ಕಥೆಯಿರುವ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯಿಂದ ಮಾಡಿದ ಆಟ ಅದು. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಬರೀ ಬಿಳಿ ಇಂಗ್ಲಿಷ್ ಅಕ್ಷರ. 'ನೀವು ಕಾಡಿನಲ್ಲಿದ್ದೀರಿ' ಎಂದು ಅದು ಬರೆಯುತ್ತದೆ. 'ಉತ್ತರಕ್ಕೆ ಹೋಗುತ್ತೇನೆ' ಎಂದು ನೀವು ಟೈಪ್ ಮಾಡಬೇಕು. ಯಾವ್ಯಾವ ದೇಶದವರೋ ಅದೇ ಹೊತ್ತಿಗೆ ಅದೇ ಕಾಡಿನಲ್ಲಿ ಓಡಾಡುತ್ತಿರುತ್ತಾರೆ. ಕೊಂದರೆ ಬಡ್ತಿ. ಸತ್ತರೆ ಮುಗಿಯಿತು, ಆ ಮನುಷ್ಯನನ್ನು ಮತ್ತೆ ಒಳಗೆ ಸೇರಿಸುವುದಿಲ್ಲ.

ಮೊದಲ ದಿನವೇ ಜಗಳ. ನಿಮ್ಮ ಉದ್ಯೋಗವೇನು ಎಂದು ಆಟ ಕೇಳಿತು. ಕಾಕಾ ಹೆಮ್ಮೆಯಿಂದ 'ಟೈಪಿಸ್ಟ್' ಎಂದು ಬರೆದರು. ಆಗುವುದಿಲ್ಲ ಎಂದಿತು. ಸೈನಿಕ, ಮಾಂತ್ರಿಕ, ಕಳ್ಳ, ಈ ಮೂರರಲ್ಲಿ ಒಂದನ್ನು ಆರಿಸಬೇಕಂತೆ.

"ಕಳ್ಳ ಆಗಬಹುದಂತ, ಟೈಪಿಸ್ಟ್ ಆಗಾಕ ಬರಂಗಿಲ್ಲಂತ! ಇದೆಂಥಾ ರಾಜ್ಯ ಬೇ?" ಎಂದು ನನ್ನನ್ನೇ ಗದರಿಸಿದರು, ನಾನೇ ಆ ರಾಜ್ಯದ ದಿವಾನಳು ಎಂಬಂತೆ.

ಸೈನಿಕರಾದರು, ಗತಿಯಿಲ್ಲದೆ. ಒಂದು ಕತ್ತಿ ಕೊಟ್ಟರು. ಊರ ಹೊರಗೆ ಹತ್ತು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಒಬ್ಬ ಕುಳ್ಳ ರಾಕ್ಷಸ ಅಡ್ಡ ಬಂದ. "ಕಾಕಾ, ಹೊಡೀರಿ!" ಎಂದು ನಾನು ಕೂಗಿದೆ. ಕಾಕಾ ಏನು ಮಾಡಿದರು ಗೊತ್ತೇ? ಅರ್ಜಿ ಬರೆಯತೊಡಗಿದರು! ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ... 'ತಮ್ಮ ವಿಶ್ವಾಸಿ' ಎಂಬಲ್ಲಿಗೆ ಬರುವಷ್ಟರಲ್ಲಿ ರಾಕ್ಷಸ ನಾಲ್ಕು ಏಟು ಹಾಕಿದ್ದ. ಜೀವ ಉಳಿಸಿಕೊಂಡು ಓಡಿಬಂದದ್ದೇ ದೊಡ್ಡದು.

"ಕೈಯಾಗ ಕತ್ತಿ ಇತ್ತಲ್ರಿ?" ಎಂದೆ.

"ಕೊರಳಾಗ ಲಿಂಗ ಕಟಗೊಂಡು ಅವನ್ನ ಯಾಕ ಕಡೀಲಿ? ಅವನ ಅಡವ್ಯಾಗ ನಾ ಹೋಗೇನಿ, ಅವ ನಮ್ಮ ಮನೀಗಿ ಬಂದಿದ್ನೇನು?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿ.

ಮರುದಿನ ಅಗಸಿ ಬಾಗಿಲಲ್ಲಿ, ಅಂದರೆ ಆ ಊರಿನ ಹೆಬ್ಬಾಗಿಲಿನಲ್ಲಿ, ಸುಮ್ಮನೆ ನಿಂತಿದ್ದಾಗ ಪರದೆಯ ಮೇಲೆ ಒಂದು ಸಾಲು ಬಂತು: 'ಪಕ್ಕದಲ್ಲಿ ನಿಂತಿರುವ ಪ್ರವಾಸಿಗೆ ಹಸಿವಾಗಿದೆ.' ಆ ಆಟದಲ್ಲಿ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಜೀವ ಕುಗ್ಗುತ್ತದೆ. ಹೊಸಬರಿಗೆ ಇದು ತಿಳಿದಿರುವುದಿಲ್ಲ. ಕಾಕಾ ಕುರ್ಚಿಯಲ್ಲಿ ನೆಟ್ಟಗಾದರು.

"ಅವ ಹಸದಾನ ಅಂತ ಬರದದ ನೋಡು. ಎದುರಿಗಿ ಒಬ್ಬ ಹಸದು ನಿಂತಾಗ ನಾವು ಹ್ಯಾಂಗ ಮುಂದ ಹೋಗೋದು?"

ಕತ್ತಿ ಮಾರಿದರು, ರೊಟ್ಟಿ ಕೊಂಡರು, ಕೊಟ್ಟರು. ಅಂದಿನಿಂದ ಮಾಂತ್ರಿಕರ ರಾಜ್ಯದಲ್ಲಿ ದಾಸೋಹ ಶುರುವಾಯಿತು! ಬೆಳಗಿನ ಐದಕ್ಕೆ ಫೋನಿನ ಲೈನು ಖಾಲಿ ಇರುವಾಗ ಕಾಕಾ ಒಳಗೆ ಹೋಗುವುದು, ಅಲ್ಲಿಯ ಗಿರಣಿಯವನಿಗೆ ಹಿಟ್ಟಿನ ಚೀಲ ಹೊರುವುದು, ಅವನು ಕೊಟ್ಟ ರೊಟ್ಟಿಯನ್ನು ಅಗಸಿಯಲ್ಲಿ ನಿಂತು ಹಂಚುವುದು. ದುಡಿಯದೆ ಹಂಚಿದರೆ ಅದು ದಾಸೋಹವೇ ಅಲ್ಲ ಎಂಬುದು ಅವರ ವಾದ. ಡ್ರ್ಯಾಗನ್ ಕೊಂದು ಬಂದ ಮಹಾವೀರರೂ ಅವರೆದುರು ಸಾಲಿನಲ್ಲಿ ನಿಲ್ಲಬೇಕು. ಅವಸರದಲ್ಲಿ ಅರ್ಧಂಬರ್ಧ ಸ್ಪೆಲ್ಲಿಂಗ್ ಬರೆದವರಿಗೆ ಮೊದಲು ತಿದ್ದುಪಡಿ, ಆಮೇಲೆ ರೊಟ್ಟಿ.

ಕಾಕಿಗೆ ಈ ರಾಜ್ಯದ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಒಮ್ಮೆ ಇಣುಕಿ ನೋಡಿ, "ಇದರಾಗ ಏನದ ನೋಡಾಕ? ಬರೇ ಇರಬಿ ಸಾಲು" ಎಂದು ಅಕ್ಷರಗಳನ್ನೆಲ್ಲ ಇರುವೆ ಮಾಡಿ ಒಳಗೆ ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕರಜಗಿಯಿಂದ ಬೀಗರು ಬಂದು, "ಮಾಸ್ತರು ಎಲ್ಲಿ ಹೋಗ್ಯಾರ್ರಿ?" ಎಂದರೆ, "ಅಗಸ್ಯಾಗ ರೊಟ್ಟಿ ಹಂಚಾಕತ್ತಾರ್ರಿ, ಬರ್ತಾರ, ಕುಂಡ್ರಿ" ಎಂದು ಚಹಾಕ್ಕಿಟ್ಟರು. ಬೀಗರು ಪಾಪ, ಕೂಡಲಿಲ್ಲ. ಎಷ್ಟು ಪುಣ್ಯದ ಕೆಲಸ ಎಂದುಕೊಂಡು ಚಪ್ಪಲಿ ಮೆಟ್ಟಿ ಊರ ಅಗಸಿಯವರೆಗೆ ಹೋಗಿ ಹುಡುಕಿ ಬಂದರು. ಕಾಕಾ ಪಕ್ಕದ ಕೋಣೆಯಲ್ಲೇ ಇದ್ದರು.

ಆದರೆ ಒಂದು ಮಾತು ಒಪ್ಪಬೇಕು. ಅಗಸಿಗೆ ನಿಂತ ಮೇಲೆ ಕಾಕಾನ ಮುಖಕ್ಕೆ ಕಳೆ ಬಂತು. ಊಟಕ್ಕೆ ಕೂತರೆ ಹತ್ತಾರು ಜನರ ಸುದ್ದಿ. ಅದರಲ್ಲಿ ಮುಕ್ಕಾಲು ಪಾಲು ಒಬ್ಬಳದು. ಮಿಂಟ್ ಎಂದು ಹೆಸರಿಟ್ಟುಕೊಂಡಿದ್ದ ಹುಡುಗಿ. ಕಾಕಾನ ಬಾಯಲ್ಲಿ ಪುದೀನಾ. ಯಾವ ದೇಶದವಳೋ, ನಮ್ಮ ಬೆಳಗು ಅವಳಿಗೆ ಸಂಜೆ. ದಿನಾ ಬಂದು ಒಂದು ರೊಟ್ಟಿ ತಿಂದು, ಶಾಲೆಯ ಕಷ್ಟ ಹೇಳಿಕೊಂಡು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಪುದೀನಾ ಬರಲಿಲ್ಲ, ಅವಳ ಸಂದೇಶ ಬಂತು. ದೂರದ ಗವಿಯೊಂದರಲ್ಲಿ ದಾರಿ ತಪ್ಪಿದ್ದಳು. ಪಂಜು ಆರಿದೆ, ತಿನ್ನಲು ಏನೂ ಇಲ್ಲ, ಜೀವ ಕುಗ್ಗುತ್ತಿದೆ. ಆ ಹೊತ್ತಿಗೆ ಆಟದಲ್ಲಿ ಬೇರೆ ಯಾರೂ ಇರಲಿಲ್ಲ.

"ಹೋಗಬ್ಯಾಡ್ರಿ ಕಾಕಾ. ದಾರಿ ತುಂಬ ತ್ವಾಳ ಅವ. ಕೈಯಾಗ ಒಂದು ಚಾಕೂನೂ ಇಲ್ಲ. ಸತ್ರ ಮತ್ತ ಒಳಗ ಬಿಡಂಗಿಲ್ಲ" ಎಂದೆ. ಆ ಅಗಸಿ, ಆ ಜನ, ಎಲ್ಲ ಹೋಗುತ್ತದೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

"ಆಕಿ ಹಸದಾಳ" ಎಂದರು. ಅಷ್ಟೇ.

ನಮ್ಮ ದನಿ ಕೇಳಿ ಕಾಕಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ನಾನು ಎರಡು ಮಾತಿನಲ್ಲಿ ಸಂಗತಿ ಹೇಳಿದೆ. ಎಂಟು ತಿಂಗಳು ಮೂಗು ಮುರಿದವರು ಈಗ ಏನು ಬೈಯುತ್ತಾರೋ ಎಂದುಕೊಂಡೆ.

"ಬರೇ ರೊಟ್ಟಿ ಒಯ್ಯಾಕತ್ತೀರೇನ್ರಿ? ನೀರು ಬ್ಯಾಡೇನು ಆ ಕೂಸಿಗಿ?" ಎಂದರು ಕಾಕಿ.

ಕಾಕಾ ನೀರೂ ತುಂಬಿಕೊಂಡು ಹೊರಟರು. ಉತ್ತರಕ್ಕೆ, ಉತ್ತರಕ್ಕೆ, ಪೂರ್ವಕ್ಕೆ. ತೋಳ ಬಂತು. ಅದಕ್ಕೂ ಒಂದು ರೊಟ್ಟಿ ಕೊಡಲು ನೋಡಿದರು. 'ತೋಳಕ್ಕೆ ರೊಟ್ಟಿ ಬೇಡ' ಎಂದು ಆಟ ಬರೆಯಿತು. ಕಚ್ಚಿಸಿಕೊಳ್ಳುತ್ತಲೇ ನಡೆದರು. ತೋಳ ಬೆನ್ನು ಬಿಡಲಿಲ್ಲ. ಕಾಕಾನ ಬೆರಳುಗಳು ಅಷ್ಟು ವೇಗವಾಗಿ ಓಡಿದ್ದನ್ನು ನಾನೆಂದೂ ಕಂಡಿರಲಿಲ್ಲ. ಗವಿ ಬಂತು. ಪುದೀನಾ ಅಲ್ಲೇ ಇದ್ದಳು. 'ಮಿಂಟ್‌ಗೆ ನೀರು ಕೊಡು.' ಕೊಟ್ಟಾಯಿತು. 'ಮಿಂಟ್‌ಗೆ ರೊಟ್ಟಿ ಕೊಡು' ಎಂದು ಬರೆದು ಗುಂಡಿ ಒತ್ತಿದ್ದೂ, ತೋಳದ ಕೊನೆಯ ಏಟು ಬಿದ್ದದ್ದೂ ಒಂದೇ ಕ್ಷಣ. 'ನೀವು ಸತ್ತಿದ್ದೀರಿ' ಎಂದು ಬರೆದು ಪರದೆ ಕಪ್ಪಾಯಿತು.

ಕಾಕಾ ಕೈಗಳನ್ನು ಕೀಲಿಗಳ ಮೇಲೆಯೇ ಇಟ್ಟುಕೊಂಡು ಕೂತಿದ್ದರು. ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

"ಆಕಿ ಉಂಡಳೇನು?" ಎಂದು ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಸಾಲು ಬರುವಷ್ಟು ಹೊತ್ತು ಆಟ ಕೊಟ್ಟಿರಲಿಲ್ಲ. ಹಿಂದಿನಿಂದ ಕಾಕಿ, ಇಂಗ್ಲಿಷಿನ ಒಂದಕ್ಷರವೂ ಬಾರದ ನಮ್ಮ ಕಾಕಿ, ಕಾಕಾನ ಹೆಗಲ ಮೇಲೆ ಹಿಟ್ಟಿನ ಕೈಯಿಟ್ಟು ಹೇಳಿದರು:

"ಉಂಡಳ್ರಿ. ನಾ ಕಣ್ಣಾರೆ ಓದೇನಿ."