ಹಿತ್ತಾಳೆ ಬಿಲ್ಲೆಗೊಂದು ದಿನದ ಮೌನ

ಚೆನ್ನರಾಯಪ್ಪನ ಪಾಡಿಗೆಲ್ಲ ಕಾರಣ ಅವನಿಗೆ ಬಂದ ಒಳ್ಳೆ ಮಾರ್ಕು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಆ ಶಿಡ್ಲಘಟ್ಟದ ಹುಡುಗ ಅರವತ್ತೆರಡನೇ ಇಸವಿಯಲ್ಲಿ ಕ್ಲಾಸಿಗೇ ಮೊದಲನೆಯವನಾದ. ಮೊದಲು ಬಂದವನನ್ನು ಸುಮ್ಮನೆ ಬಿಡುತ್ತಾರೆಯೆ? ಕಾಲೇಜಿನ ಗೌರವ ಸಂಘದವರು ಹಿಡಿದುಕೊಂಡರು. ಕೋಟಿನ ಎದೆಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡು ಕತ್ತು ನೆಟ್ಟಗೆ ಮಾಡಿ ಓಡಾಡುವ ಜಾಣರ ಸಂಘ ಅದು. ಬಿಲ್ಲೆ ಇದ್ದವನಿಗೆ ಅಣೆಕಟ್ಟಿನ ಕೆಲಸ ಮನೆ ಬಾಗಿಲಿಗೆ ಬರುತ್ತದೆ. ಇಲ್ಲದವನು ಚಪ್ಪಲಿ ಸವೆಸಬೇಕು. ಆ ವರ್ಷ ಖಾಲಿ ಇದ್ದದ್ದು ಒಂದೇ ಜಾಗ.

ಸೇರುವುದಕ್ಕೆ ಪರೀಕ್ಷೆ ಇತ್ತು. ಹುಡುಗ ತನ್ನ ಮನೆಯಲ್ಲಿ, ತನ್ನ ಜನರ ನಡುವೆ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ತುಟಿ ಬಿಚ್ಚಬಾರದು. ಸನ್ನೆ ಮಾಡಬಾರದು, ಬರೆದು ತೋರಿಸಬಾರದು, ಯಾಕೆ ಅಂತ ಮೊದಲೇ ಹೇಳಿಡಲೂ ಬಾರದು. ಸಂಘದವನೊಬ್ಬ ಬಂದು ನೋಡುತ್ತಾನೆ. ಯಾರು ಅಂತ ತಿಳಿಸುವುದಿಲ್ಲ. ಹೊತ್ತು ಮುಳುಗಿದ ಮೇಲೆ ಕೈ ಕುಲುಕಿದರೆ ಸೇರಿದ ಹಾಗೆ. ಬಡವರ ಮಕ್ಕಳಿಗೆ ಮೂರನೇ ಕ್ಲಾಸಿನಲ್ಲೇ ಬೆತ್ತದಿಂದ ಕಲಿಸಿಬಿಡುವ ಪಾಠ ಇದು. ದೊಡ್ಡ ಓದಿನವರಿಗೆ ಅದಕ್ಕೂ ಒಂದು ಸಂಘ ಬೇಕು.

ಬೆಳಿಗ್ಗೆ ತಾಯಿ ಅಮ್ಮಾಜಮ್ಮ ಕಾಫಿ ಕೊಡಲಾ ಅಂತ ಕೇಳಿದಳು. ಮಗ ಬಾಗಿಲ ಕಂಬದ ಹಾಗೆ ನಿಂತಿದ್ದ. ಮತ್ತೆ ಕೇಳಿದಳು. ಕಂಬ ಕಣ್ಣು ಮಿಟುಕಿಸಿತು, ಅಷ್ಟೆ. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆ ಗಂಗುಲಮ್ಮ ಅವನ ಮುಖ ನೋಡಿದ್ದೇ ಚೊಂಬು ಕೆಳಗಿಟ್ಟಳು.

"ನಿನ್ನೆ ಸಂಜೆ ಸ್ಟೇಷನ್ನಿಂದ ಕೆರೆ ಏರಿ ಮೇಲೆ ಬಂದನಾ? ಹಂಗಾದ್ರೆ ಮುಗೀತು ಕಣೇ. ಏನೋ ಹಿಂದೆ ಬಂದು ನಾಲಿಗೆ ಕಟ್ಟೈತೆ."

ಬಿಸಿಲೇರುವುದರೊಳಗೆ ಬೀದಿಯೆಲ್ಲ ಅಂಗಳದಲ್ಲಿತ್ತು. ಒಬ್ಬ ತೊಡೆ ಚಿವುಟಿ ನೋಡಿದ. ಒಬ್ಬಳು ಹುಡುಗ ಫೇಲಾಗಿ ಹೀಗಾಗಿದ್ದಾನೆ ಅಂದಳು. ಇನ್ನೊಬ್ಬಳು ತನ್ನ ತಮ್ಮನ ಮಗಳನ್ನು ಕಟ್ಟಿದರೆ ಸರಿಹೋಗುತ್ತಾನೆ ಅಂತ ಅಲ್ಲೇ ಮಾತಿಗೆ ಕೂತಳು. ಚೆನ್ನರಾಯಪ್ಪ ತಪ್ಪಿಸಿಕೊಂಡು ಹಿತ್ತಲಿನ ಹುಳುಮನೆಗೆ ನುಗ್ಗಿದ. ರೇಷ್ಮೆಹುಳುವಿಗೆ ದೃಷ್ಟಿಯಾಗುತ್ತದೆ ಅಂತ ಹೊರಗಿನವರನ್ನು ಅಮ್ಮಾಜಮ್ಮ ಅದರ ಹೊಸಿಲು ಮೆಟ್ಟಿಸುತ್ತಿರಲಿಲ್ಲ.

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಹಿಡಿದ ಹಾಗೆ ಕೇಳುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತಿತು. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹಸಿದು ಮೇಯುತ್ತಿದ್ದ ಹುಳುಗಳು, ತಟ್ಟೆ ತಟ್ಟೆಯಲ್ಲೂ, ತಲೆ ಎತ್ತಿ ಒಂದೇ ಕಡೆ ನೋಡುತ್ತಿದ್ದವು. ಆ ಕಡೆ, ತಟ್ಟೆಗಳ ಸಾಲಿನ ಕೊನೆಯಲ್ಲಿ, ಸೂಟು ಟೈ ತೊಟ್ಟ ಯುವಕನೊಬ್ಬ ನಿಂತಿದ್ದ. ಕೂದಲು ಹಣೆಗೆ ಅಂಟಿತ್ತು. ಕಣ್ಣು ಚೆನ್ನರಾಯಪ್ಪನ ಮೇಲಿತ್ತು.

ಸಂಘದವನು ಬಂದ ಅಂತ ಚೆನ್ನರಾಯಪ್ಪ ಎದೆಯುಬ್ಬಿಸಿದ. ಅಷ್ಟರಲ್ಲಿ ಅಮ್ಮಾಜಮ್ಮ ಸೊಪ್ಪಿನ ಮಂಕರಿ ಹೊತ್ತು ಬಂದಳು, ಆ ಯುವಕನ ಪಕ್ಕದಲ್ಲೇ ಹಾದಳು, ಅವನ ಕಾಲಬುಡ ನೋಡಿ ನಿಂತಳು.

"ಯಾವ ಮುಂಡೇದು ಇಲ್ಲಿ ನೀರು ಚೆಲ್ಲಿದ್ದು? ಹುಳಕ್ಕೆ ಥಂಡಿ ಹಿಡಿಯಲ್ವಾ?"

ನೀರು ಕಂಡಿತ್ತು ಅವಳಿಗೆ. ನೀರಿನಲ್ಲಿ ನಿಂತವನು ಕಂಡಿರಲಿಲ್ಲ. ಅಲ್ಲಿ ಯಾರಿದಾರಮ್ಮ ಅಂತ ಕೇಳುವ ಮಾತು ಚೆನ್ನರಾಯಪ್ಪನ ನಾಲಿಗೆ ತುದಿಗೆ ಬಂತು. ಕೇಳಿದರೆ ಬಿಲ್ಲೆ ಹೋಯಿತು. ನುಂಗಿಕೊಂಡ.

ಮಧ್ಯಾಹ್ನ ಮಂತ್ರ ಹಾಕುವ ಕೊಂಡಪ್ಪನನ್ನು ಚಿಂತಾಮಣಿ ಕಡೆಯಿಂದ ಕರೆಸಿದರು. ಅವನು ಹುಡುಗನನ್ನು ಅಂಗಳಕ್ಕೆಳೆದು ಕೂರಿಸಿ ಬೇವಿನ ಸೊಪ್ಪಿನಲ್ಲಿ ಬಡಿದ, ಕೊಡಗಟ್ಟಲೆ ನೀರು ಸುರಿದ. "ಎವರು ನುವ್ವು? ಪೇರು ಚೆಪ್ಪು," ಅಂತ ಮೈಮೇಲೆ ಬಂದದ್ದರ ಹೆಸರು ಕೇಳಿ ತೆಲುಗಿನಲ್ಲಿ ಗದರಿಸಿದ. ಕೊನೆಗೆ ಕೆಂಡಕ್ಕೆ ಮೆಣಸಿನಕಾಯಿ ಹಾಕಿದ. ಬೀದಿಯೆಲ್ಲ ಕೆಮ್ಮಿತು, ಕೊಂಡಪ್ಪನೂ ಕೆಮ್ಮಿದ, ಬೇಲಿಯಾಚೆಯ ಎಮ್ಮೆಯೂ ಕೆಮ್ಮಿತು. ಹೊಗೆಯ ನಡುವೆ ನಿಂತಿದ್ದ ಸೂಟಿನವನು ಮಾತ್ರ ಕೆಮ್ಮಲಿಲ್ಲ. ಚೆನ್ನರಾಯಪ್ಪನ ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ಎದುರಿಗೆ ನಿಂತದ್ದು ಏನೇ ಆಗಿರಲಿ, ಅಣೆಕಟ್ಟಿನ ಕೆಲಸ ಅಣೆಕಟ್ಟಿನ ಕೆಲಸವೇ ಅಂತ ಹಲ್ಲು ಕಚ್ಚಿದ.

ಹೊತ್ತು ಮುಳುಗಿತು. ದಣಿದ ಜನ ಕೊಂಡಪ್ಪನ ಸುತ್ತ ಕಾಫಿಗೆ ಕೂತಿದ್ದರು. ಸೂಟಿನವನು ಹತ್ತಿರ ಬಂದು ನಿಂತ, ಆದರೆ ಕೈ ಚಾಚಲಿಲ್ಲ. ಸುಮ್ಮನೆ ನೋಡುತ್ತಿದ್ದ. ತಾಳ್ಮೆ ಕೆಟ್ಟ ಚೆನ್ನರಾಯಪ್ಪ ತಾನೇ ಕೈ ಚಾಚಿದ. ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿನ ಎರಡು ಕೈ ಅದನ್ನು ಹಿಡಿದು ಕುಲುಕಿದವು.

"ಥ್ಯಾಂಕ್ಸ್ ಸಾರ್," ಅಂದ ಅವನು. ಅವನ ಕಣ್ಣು ತುಂಬಿತ್ತು. ಮರುಕ್ಷಣ ಅಲ್ಲಿ ಒದ್ದೆ ನೆಲ ಬಿಟ್ಟರೆ ಏನೂ ಇರಲಿಲ್ಲ.

ಸಾರ್ ಯಾಕೆ ಅಂದ ಅಂತ ಚೆನ್ನರಾಯಪ್ಪ ಯೋಚಿಸುತ್ತಿರುವಾಗಲೇ ಸಂಘದ ಕಾರ್ಯದರ್ಶಿ ವೆಂಕಟರವಣಪ್ಪ ಮುಖದ ಮಸಿ ಒರೆಸಿಕೊಳ್ಳುತ್ತ ಬಂದ. ನೋಡಲು ಬರಬೇಕಾದವನು ಅವನೇ. ಸಣ್ಣ ರೈಲಿನ ಇಂಜಿನ್ ಚಿಕ್ಕಬಳ್ಳಾಪುರದ ಆಚೆ ಕೆಟ್ಟು ದಿನವೆಲ್ಲ ನಿಂತುಬಿಟ್ಟಿತ್ತಂತೆ. ಚೆನ್ನರಾಯಪ್ಪ ದಿನದ ಮೊದಲ ಮಾತಾಡಿದ. ಬೇರೆಯವರು ನೋಡಿಯಾಗಿದೆ, ಕೈಯೂ ಕುಲುಕಿಯಾಗಿದೆ ಅಂದ. ಯಾರು, ಹೇಗಿದ್ದ ಅಂತ ಕೇಳುತ್ತ ಕೇಳುತ್ತ ವೆಂಕಟರವಣಪ್ಪನ ಮುಖ ಬೂದಿಯಾಯಿತು.

"ಅವನು ಚೆನ್ನಕೇಶವ ಕಣೋ. ನಮ್ಮೋನಲ್ಲ, ನಿನ್ನ ಥರಾನೇ ಸೇರಕ್ಕೆ ಬಂದಿದ್ದೋನು. ಹೋದ ವರ್ಷ ಇದೇ ಪರೀಕ್ಷೆ ದಿನ ಸಾಯಂಕಾಲ ಬಾವಿಗೆ ಬಿದ್ದ. ಪಕ್ಕದ ತೋಟದಲ್ಲೇ ಜನ ಇದ್ರು, ಒಂದು ಸಲ ಕೂಗಿದ್ರೆ ಸಾಕಿತ್ತು. ಇನ್ನೂ ಹೊತ್ತು ಮುಳುಗಿರಲಿಲ್ಲ. ಕೂಗಲಿಲ್ಲ."

"ಹಂಗಾದ್ರೆ ನನ್ನನ್ನ ಯಾಕೆ ನೋಡ್ತಾ ನಿಂತಿದ್ದ?"

"ಅವನು ನೋಡಲಿಲ್ಲಪ್ಪ. ನೀನೇ ಸಂಘದೋನು, ಅವನ ಪರೀಕ್ಷೆ ನೋಡ್ತಾ ಇದೀಯ ಅಂದ್ಕೊಂಡ. ಕೈ ಯಾರು ಮೊದಲು ಚಾಚಿದ್ದು?"

ಚೆನ್ನರಾಯಪ್ಪ ತನ್ನ ಕೈ ನೋಡಿಕೊಂಡ. ಇನ್ನೂ ಒದ್ದೆಯಿತ್ತು.

ಅದೆಲ್ಲ ಲೆಕ್ಕಕ್ಕಿಲ್ಲ, ಬಿಲ್ಲೆ ನನಗೆ ಕೊಡಿ ಅಂತ ಅವನು ಗೋಗರೆದ. ವೆಂಕಟರವಣಪ್ಪ ಜೇಬಿನಿಂದ ಬಿಲ್ಲೆ ತೆಗೆದು ಹುಳುಮನೆಯ ಹೊಸಿಲ ಮೇಲಿಟ್ಟು ಕೈಮುಗಿದ.

"ಇದ್ದಿದ್ದು ಒಂದು ಜಾಗ, ನೀನೇ ಕೈ ಕುಲುಕಿ ಅವನಿಗೆ ಕೊಟ್ಟೆ. ಅವನಿಗೆ ಇಲ್ಲ ಅಂತ ಹೇಳಕ್ಕೆ ನೀನು ಹೋಗ್ತೀಯಾ?"

ಅಂದವನೇ ತಿರುಗಿ ನೋಡದೆ ಸ್ಟೇಷನ್ ದಾರಿ ಹಿಡಿದ. ಅಂಗಳದಲ್ಲಿ ಗಂಗುಲಮ್ಮ, ಹುಡುಗನ ಬಾಯಿ ಬಿಡಿಸಿದ ಕೊಂಡಪ್ಪನ ಕೈಗುಣವನ್ನು ಎಲ್ಲರಿಗೂ ಹೇಳುತ್ತಿದ್ದಳು. ಚೆನ್ನರಾಯಪ್ಪ ಹೊಸಿಲ ಕಡೆ ನೋಡಿದ. ಬಿಲ್ಲೆ ಆಗಲೇ ಅಲ್ಲಿರಲಿಲ್ಲ.